ಹಸುವಿನ ಜೊತೆ ಲಾರಿ ಹತ್ತಿದವಳು

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ನನ್ನ ಲಾರಿ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಮಳವಳ್ಳಿ ಸುತ್ತಮುತ್ತ ದನ ಸಾಗಿಸುವುದೇ ನನ್ನ ಕಸುಬು. ಶಿವನಸಮುದ್ರದ ವಿದ್ಯುತ್ ಕೇಂದ್ರದ ನೌಕರರೊಬ್ಬರು ಕಿರುಗಾವಲಿನಲ್ಲಿ ಗಬ್ಬದ ಹಸುವೊಂದನ್ನು ಕೊಂಡಿದ್ದರು. ಅಷ್ಟು ದೂರ ಅದನ್ನು ನಡೆಸುವುದು ಬೇಡವೆಂದು ನನ್ನನ್ನು ಕಳಿಸಿದರು.

ಲಾರಿಗೆ ಹತ್ತಿಸಲು ಒರಗಿಸಿದ ಹಲಗೆಯ ಮೇಲೆ ಹಸು ಕಾಲಿಡಲೇ ಇಲ್ಲ. ಹಗ್ಗ ಎಳೆದೆ, ಹುಲ್ಲು ತೋರಿಸಿದೆ, ಏನೂ ನಡೆಯಲಿಲ್ಲ. ಕೊನೆಗೆ ಅದನ್ನು ಸಾಕಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ತಾನೇ ಲಾರಿ ಹತ್ತಿ, “ಬಾ ನನ್ನವ್ವ” ಎಂದಳು. ಹಸು ಹಿಂದೆಯೇ ಹತ್ತಿತು. ಅವಳು ಇಳಿಯಲು ಹೋದರೆ ಅದೂ ತಿರುಗಿತು.

“ಅಂಗಾರೆ ನಾನೂ ಬತ್ತೀನಿ ಬುಡಿ ಸಾಬ್ರೇ. ಒಸಿ ನಿಧಾನಕ್ಕೆ ಓಡ್ಸಿ” ಎಂದಳು.

“ಲೇ, ಒಲೆ ಮ್ಯಾಲೆ ಎಸ್ರು ಮಡಗಿದ್ದೀಯಲ್ಲಾ!” ಎಂದು ಗಂಡ ಕೆಳಗಿನಿಂದ ಕೂಗಿದ.

“ಇವತ್ತು ಮುದ್ದೆ ನೀನೇ ತೊಳ್ಸ್ಕೊ.”

ದಾರಿಯುದ್ದಕ್ಕೂ ಅವಳು ಹಸುವಿನ ಕತ್ತು ತಬ್ಬಿಕೊಂಡೇ ನಿಂತಿದ್ದಳು. ಶಿವನಸಮುದ್ರದಲ್ಲಿ ಅದನ್ನು ಹೊಸ ಕೊಟ್ಟಿಗೆಯಲ್ಲಿ ಕಟ್ಟಿ, ಎಲ್ಲಿ ತುರಿಸಿದರೆ ಅದಕ್ಕೆ ಹಿತವೆಂದು ಮನೆಯೊಡತಿಗೆ ತೋರಿಸಿಕೊಟ್ಟಳು. ಅದು ಹುಲ್ಲಿಗೆ ಬಾಯಿ ಹಾಕಿದ ಮೇಲೆಯೇ ಹೊರಗೆ ಬಂದಳು.

ವಾಪಸ್ ಬರುವಾಗ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಬೆಳಕವಾಡಿಯವರೆಗೆ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಮಳವಳ್ಳಿ ದಾಟಿದ ಮೇಲೆ ರಸ್ತೆ ನೋಡತೊಡಗಿದಳು. ಊರು ಕಾಣಿಸಿದಾಗ ಮೆಲ್ಲಗೆ ಕೇಳಿದಳು:

“ಸಾಬ್ರೇ, ಆ ಆರ್ನು ಒಂದ್ಸಲ ನಾನೇ ಒತ್ಲಾ?”

“ಒತ್ತವ್ವ, ಅದಕ್ಕೇನು” ಎಂದೆ.

ಒಂದು ಸಲ ಎಂದವಳು ತನ್ನ ಮನೆ ಬಾಗಿಲು ಬರುವವರೆಗೂ ಹಾರ್ನಿನಿಂದ ಕೈ ತೆಗೆಯಲಿಲ್ಲ.