ಕಮಾನಿನ ಹೊಸಿಲು

ಒಂದು ಕಲ್ಲಿನ ಕಮಾನಿನ ಫೋಟೋಗಾಗಿ ನಾನು ನಾಲ್ಕು ಸಲ ಎರಡೆರಡು ದಿನ ಕಾರು ಓಡಿಸಿದ್ದೇನೆ ಎಂದರೆ ನೀವು ನನ್ನನ್ನು ಕಲಾವಿದ ಎಂದುಕೊಳ್ಳಬಹುದು. ನನ್ನ ಹೆಂಡತಿ ಸುಮಾ ಬೇರೆ ಪದ ಬಳಸುತ್ತಾಳೆ.

ನಮ್ಮ ಮನೆ ಅಮೆರಿಕದ ವಾಯವ್ಯ ಮೂಲೆಯ ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿ. ಫೋಟೋ ಹುಚ್ಚಿನವರು ಮೃದುವಾದ ಬೆಳಕು, ಮೃದುವಾದ ಬೆಳಕು ಎಂದು ಜಪಿಸುತ್ತಾರಲ್ಲ, ಅದು ಇಲ್ಲಿ ಅಕ್ಟೋಬರಿನಿಂದ ಜೂನ್‌ವರೆಗೆ ಬಿಟ್ಟಿ ಸಿಗುತ್ತದೆ. ಆಕಾಶದ ತುಂಬ ಒದ್ದೆ ಪಂಚೆ ಹರವಿದ ಹಾಗೆ ಮೋಡ. ಯಾವುದಕ್ಕೂ ನೆರಳೇ ಬೀಳುವುದಿಲ್ಲ. ಆದರೆ ಆ ಬೆಳಕಿನಲ್ಲಿ ತೆಗೆಯುವುದಕ್ಕೆ ಏನಿದೆ? ನಮ್ಮ ಬೀದಿಯ ಕಸದ ಡಬ್ಬಿಗಳನ್ನು ತೆಗೆದಿದ್ದೇನೆ, ಅದ್ಭುತವಾಗಿ ಬಂದಿವೆ. ಗಾಳಿ, ನೀರು ಕೊರೆದ ಆ ಕಮಾನುಗಳಿರುವ ಯೂಟಾ ರಾಜ್ಯದಲ್ಲೋ, ಬಿಸಿಲು ನೆತ್ತಿ ಸುಡುತ್ತದೆ. ಬೆಳಕು ಮೆತ್ತಗಾಗುವುದು ಮುಸ್ಸಂಜೆಯ ಹತ್ತು ನಿಮಿಷ ಮಾತ್ರ. ದೇವರು ಎರಡನ್ನೂ ಒಂದೇ ರಾಜ್ಯದಲ್ಲಿ ಇಟ್ಟಿದ್ದರೆ ನನ್ನ ರಜೆಗಳು ಉಳಿಯುತ್ತಿದ್ದವು.

ಇಷ್ಟಕ್ಕೂ ನನಗೆ ಬೇಕಾಗಿದ್ದದ್ದು ಕ್ಯಾಲೆಂಡರಿನ ಒಂದು ಪುಟ. ಇಲ್ಲಿನ ಕನ್ನಡಿಗರ ಗುಂಪೊಂದು ವರ್ಷಕ್ಕೊಂದು ಗೋಡೆ ಕ್ಯಾಲೆಂಡರ್ ತರುತ್ತದೆ. ಮೇಲೆ ಸದಸ್ಯರು ತೆಗೆದ ಫೋಟೋ, ಕೆಳಗೆ ಏಕಾದಶಿ, ಸಂಕಷ್ಟಿ. ನಿಯಮ ಒಂದೇ: ಪ್ರಕೃತಿ ಇರಲಿ, ಜನ ಬೇಡ. ಒಂದು ವರ್ಷ ಯಾರದೋ ಸಂಸಾರದ ಫೋಟೋ ಅಚ್ಚಾಗಿ, ಉಳಿದ ಸಂಸಾರಗಳೆಲ್ಲ ಮುನಿಸಿಕೊಂಡ ಮೇಲೆ ಮಾಡಿದ ನಿಯಮ. ಹತ್ತಿರದ ಈಸ್ಟ್‌ಗೇಟ್‌ನಲ್ಲಿರುವ ನನ್ನ ಗೆಳೆಯ ಪ್ರಸನ್ನನ ಫೋಟೋ ಸತತ ಮೂರು ವರ್ಷ ಬಂದಿತ್ತು. ಮೂರು ವರ್ಷವೂ ನಮ್ಮ ಮನೆಗೆ ಹಾಲು ತರಬೇಕಾದ ದಿನವನ್ನು ನಾನು ಗುರುತು ಹಾಕಿಕೊಂಡಿದ್ದು ಅವನ ಜಲಪಾತದ ಕೆಳಗೆ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು.

ಮೊದಲ ಮೂರು ಪ್ರಯಾಣಗಳಲ್ಲೂ ಬೆಳಕು ಬಂದ ಹೊತ್ತಿಗೆ ಸರಿಯಾಗಿ ಕಮಾನಿನ ಕೆಳಗೆ ಜನ ಬಂದರು. ಒಮ್ಮೆ ಒಬ್ಬ ಶೀರ್ಷಾಸನ ಹಾಕಿದ. ಇನ್ನೊಮ್ಮೆ ಒಬ್ಬ ಮಂಡಿಯೂರಿ ಹುಡುಗಿಯ ಕೈ ಕೇಳಿದ; ಅವಳು ಒಪ್ಪುವಷ್ಟರಲ್ಲಿ ಕತ್ತಲಾಯಿತು. ಮೂರನೆಯ ಸಲ ಯಾರೋ ನಾಯಿಗೆ ಹುಟ್ಟುಹಬ್ಬ ಮಾಡಿದರು.

ನಾಲ್ಕನೆಯ ಸಲ ಹೊರಟಾಗ ಮೈಸೂರಿನಿಂದ ನಮ್ಮ ಅತ್ತೆ, ಸುಮಾಳ ಅಮ್ಮ, ಬಂದಿದ್ದರು; ಅವರೂ ನನ್ನ ಮಗಳೂ ಜೊತೆಗೆ ಹೊರಟರು. ಊರಾಚೆಯ ಸ್ನೊಕ್ವಾಲ್ಮಿ ಘಾಟಿ ದಾಟುವ ಮೊದಲೇ ಅತ್ತೆ ಪುಳಿಯೋಗರೆಯ ಡಬ್ಬಿ ತೆರೆದರು. ಮಾರನೆಯ ದಿನ ಯೂಟಾದ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ನೀರು ಕೊರೆದ ಗೋಡೆಗಳನ್ನು ಕೈಯಿಂದ ಸವರಿ, “ಒರಳುಕಲ್ಲಿನ ಒಳಗೇ ನಿಂತಂಗಿದೆ ಕಣ್ರೀ” ಎಂದರು. ನಾನು ಅಲ್ಲಿ ಇನ್ನೂರು ಫೋಟೋ ತೆಗೆದೆ. ಒಂದೂ ಆ ಮಾತಿನಷ್ಟು ಚೆನ್ನಾಗಿ ಬರಲಿಲ್ಲ. ಅವರಿಗೆಂದು ಕೊಂಡ ಬೂಟು ಪೆಟ್ಟಿಗೆಯಲ್ಲೇ ಇತ್ತು. “ಚಾಮುಂಡಿ ಬೆಟ್ಟಾನೇ ಬರಿಗಾಲಲ್ಲಿ ಹತ್ತಿದೀನಿ, ಇದಕ್ಯಾಕೆ ಬೂಟು?” ಎಂದು ನೀಲಿ ಪಟ್ಟಿಯ ಹವಾಯಿ ಚಪ್ಪಲಿಯಲ್ಲೇ ಕಮಾನಿನವರೆಗೆ ಹತ್ತಿದರು. ಏದುಸಿರು ಬಿಟ್ಟವನು ನಾನು.

ಮುಸ್ಸಂಜೆಯ ಆ ಬೆಳಕಿಗೆ ಫೋಟೋದವರು ಬಂಗಾರದ ಗಳಿಗೆ ಎನ್ನುತ್ತಾರೆ. ನಮ್ಮ ಹಿಂದಿನವರು ಅದನ್ನು ಬಂಗಾರಕ್ಕೆ ಹೋಲಿಸುವ ಗೋಜಿಗೆ ಹೋಗದೆ, ಮನೆಗೆ ಮರಳುವ ಹಸುಗಳ ಕಾಲಧೂಳಿನಿಂದ ಗೋಧೂಳಿ ಎಂದು ಕರೆದರು. ಬೇರೆ ಮುಹೂರ್ತ ಸಿಗದವರಿಗೆ ಅದರಲ್ಲೇ ಮದುವೆಯನ್ನೂ ಮಾಡಿಬಿಟ್ಟರು. ನಾನು ಇದನ್ನೆಲ್ಲ ಮಗಳಿಗೆ ವಿವರಿಸುತ್ತಿರುವಾಗಲೇ ಆ ಬೆಳಕು ಬಂತು. ಕಲ್ಲು ಕೆಂಪಾಗಿ, ಆಮೇಲೆ ಹಣ್ಣಾದ ಪರಂಗಿಯ ಬಣ್ಣಕ್ಕೆ ತಿರುಗಿತು. ಸೆಲ್ಫಿ ಕೋಲು ಹೊಸದಾಗಿ ಬಂದಿದ್ದ ಕಾಲ. ಕಮಾನಿನ ಕೆಳಗೆ ಕೋಲು ಹಿಡಿದವರು ಐದು ಜನ, ಕಾಲು ಇಳಿಬಿಟ್ಟು ಕೂತ ದಂಪತಿ ಒಂದು ಜೋಡಿ. ಇತ್ತ ನಾವು ಮೂವತ್ತು ನಲವತ್ತು ಮಂದಿ, ಮೂರು ಕಾಲಿನ ಸ್ಟ್ಯಾಂಡುಗಳ ಹಿಂದೆ. ಇಲ್ಲಿನವರು ಇಂಥ ಹೊತ್ತಲ್ಲಿ ಬೈಯುವುದಿಲ್ಲ, ಸಭ್ಯವಾಗಿ ನಿಟ್ಟುಸಿರು ಬಿಡುತ್ತಾರೆ. ನಾನೂ ಕಲಿತಿದ್ದೇನೆ. ಎಲ್ಲರೂ ಸೇರಿ ಬಿಟ್ಟೆವು.

ಅತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡರು. ನೆಟ್ಟಗೆ ಕಮಾನಿಗೆ ಹೋಗಿ, ಅಲ್ಲಿ ಒಂದು ಕ್ಷಣ ಬಗ್ಗಿ, ಆಮೇಲೆ ಎರಡೂ ಕೈ ಬೀಸುತ್ತಾ ದನಿ ಎತ್ತಿದರು.

“ಏಳಿ ಏಳಿ! ಮುಸ್ಸಂಜೆ ಹೊತ್ತಲ್ಲಿ ಯಾರಾದ್ರೂ ಹೊಸಿಲ ಮೇಲೆ ಕೂತ್ಕೋತಾರಾ? ಲಕ್ಷ್ಮಿ ಬರೋ ಹೊತ್ತು ಇದು. ದಾರಿ ಬಿಡಿ!”

ಅಚ್ಚ ಮೈಸೂರು ಕನ್ನಡ. ದಂಪತಿ ಎದ್ದರು, ಕೋಲಿನವರು ಕೋಲು ಮಡಚಿದರು. ಒಬ್ಬ ಸಾರಿ ಕೂಡ ಕೇಳಿದ. “ಅಜ್ಜಿ ಇಸ್ ಡೂಯಿಂಗ್ ಕ್ರೌಡ್ ಕಂಟ್ರೋಲ್,” ಎಂದಳು ಮಗಳು. ಎಲ್ಲರನ್ನೂ ಇಳಿಸಿದ ಮೇಲೆ ಅತ್ತೆ ತಾವೂ ಕಮಾನು ದಾಟಿ, ಆ ಕಡೆಯ ಕಂಬದ ಹಿಂದೆ ಮರೆಯಾಗಿ ನಿಂತರು. ಬರುವವಳಿಗೆ ಅಡ್ಡವಾಗಬಾರದಲ್ಲ. ಇಡೀ ಕಮಾನು ಖಾಲಿ! ನಲವತ್ತು ಕ್ಯಾಮೆರಾಗಳು ಒಟ್ಟಿಗೆ ಚಿಟಗುಟ್ಟಿದವು. ಬಿಳಿ ಗಡ್ಡದವರೊಬ್ಬರು ಬಂದು, ಆಕೆ ಪಾರ್ಕಿನ ಅಧಿಕಾರಿಯೇ ಎಂದು ಕೇಳಿದರು. ನನ್ನ ಅತ್ತೆ ಎಂದೆ. ಅದು ಇನ್ನೂ ದೊಡ್ಡ ಹುದ್ದೆ ಎಂದು ಬಿಡಿಸಿ ಹೇಳಲಿಲ್ಲ.

ಮನೆಗೆ ಬಂದ ಮೇಲೂ ಮೂರು ವಾರ ನಾನು ಆ ಫೋಟೋವನ್ನು ದೂರದಿಂದಲೇ ನೋಡಿ ಬೀಗಿದೆ. ಅತ್ತೆ ಮೈಸೂರಿಗೆ ಹೊರಟುಹೋದ ಮೇಲೆ, ಕ್ಯಾಲೆಂಡರಿಗೆ ಕಳಿಸಲೆಂದು ದೊಡ್ಡದು ಮಾಡಿ ನೋಡಿದರೆ, ಕಮಾನಿನ ನಟ್ಟನಡುವೆ, ಜೋಡಿಸಿಟ್ಟ ಎರಡು ನೀಲಿ ಹವಾಯಿ ಚಪ್ಪಲಿ. ಬಗ್ಗಿದ್ದು ಅದಕ್ಕೆ. ಹೊಸಿಲು ಅಂದ ಮೇಲೆ ಚಪ್ಪಲಿ ಹಾಕಿಕೊಂಡು ದಾಟುವುದು ಹೇಗೆ? ಗುರುತಿಲ್ಲದ ನಲವತ್ತು ಮನೆಗಳಲ್ಲಿ ಈಗ ನಮ್ಮ ಅತ್ತೆಯ ಚಪ್ಪಲಿ ಇದೆ.

ಪ್ರಸನ್ನನಿಗೆ ಫೋನ್ ಮಾಡಿದೆ. “ಅಷ್ಟೇ ತಾನೇ? ಎರಡು ನಿಮಿಷ ಕಣೋ. ಅಳಿಸಿ ಕಳ್ಸು,” ಎಂದ. ಅಳಿಸಿದೆ. ಗುರುತೂ ಉಳಿಯಲಿಲ್ಲ. ನೋಡುತ್ತಾ ಕೂತೆ. ಕಮಾನು ಬೀಗ ಹಾಕಿದ ಮನೆಯ ಹಾಗೆ ಕಂಡಿತು. ನಮ್ಮ ಬಾಗಿಲ ಪಕ್ಕದಲ್ಲಿ ಅತ್ತೆ ಚಪ್ಪಲಿ ಬಿಡುತ್ತಿದ್ದ ಜಾಗವೂ ಖಾಲಿಯಿತ್ತು. ನನಗೆ ನಿಜವಾಗಿ ಬೇಜಾರಾಯಿತು. ಚಪ್ಪಲಿಯನ್ನು ವಾಪಸು ತಂದು, ಹಾಗೇ ಕಳಿಸಿಬಿಟ್ಟೆ.

ಕ್ಯಾಲೆಂಡರ್ ಸಮಿತಿಯವರು ಚಪ್ಪಲಿ ಜನವೋ ಅಲ್ಲವೋ ಎಂದು ಎರಡು ಕಾನ್ಫರೆನ್ಸ್ ಕಾಲ್‌ಗಳಲ್ಲಿ ಚರ್ಚಿಸಿದರು. ಚಪ್ಪಲಿ ಜನವಲ್ಲ, ಆದರೆ ಯಾರ ಮನೆಯದೆಂದು ಗೊತ್ತಿರುವುದರಿಂದ ಉಳಿದವರು ಮುನಿಸಿಕೊಳ್ಳಬಹುದು ಎಂದು ತೀರ್ಮಾನವಾಯಿತು. ಆ ವರ್ಷವೂ ಹಾಲಿನ ಲೆಕ್ಕ ಪ್ರಸನ್ನನ ಸರೋವರದ ಕೆಳಗೇ ನಡೆಯಿತು.

ನನ್ನ ಫೋಟೋ ಈಗ ನಮ್ಮ ಮುಂಬಾಗಿಲ ಒಳಗೆ ತೂಗುತ್ತಿದೆ. ಬಂದವರು ಕಣ್ಣು ಕಿರಿದು ಮಾಡಿ ನೋಡಿ, “ಯಾರೂ ಇಲ್ವಲ್ಲ ಇದ್ರಲ್ಲಿ?” ಎನ್ನುತ್ತಾರೆ. ಮಗಳು ಚಪ್ಪಲಿ ತೋರಿಸಿ, “ಅಜ್ಜಿ ಇಸ್ ಇನ್‌ಸೈಡ್,” ಎನ್ನುತ್ತಾಳೆ. ಆಗ ಅವರು ಶೂ ಕಳಚಿ, ಫೋಟೋದ ಕೆಳಗೆ ಸಾಲಾಗಿ ಬಿಟ್ಟು, ಸ್ವಲ್ಪ ಮೆಲ್ಲಗೆ ಒಳಗೆ ಬರುತ್ತಾರೆ.