ಬಚ್ಚಲಿನಿಂದ ಮಾಡಿದ ಭಾಷಣ

ಸವಣೂರಿನಲ್ಲಿ ಬಾಡಿಗೆ ಮನೆ ಹಿಡಿದು ಮೂರು ವರ್ಷವಾದರೂ ನನಗೆ ನಮ್ಮ ಓಣಿಯ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಆಗ ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಶಾಲೆಯಿಂದ ಬಂದರೆ ಬಾಗಿಲು ಹಾಕಿಕೊಂಡು ಓದುವುದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹಿರೇಕೆರೂರಿನ ತವರಿಗೆ ಓಡುವುದು, ಇಷ್ಟೇ ನನ್ನ ಬದುಕು.

ಪಕ್ಕದ ಮನೆಯವರು ಖಾರ, ಅಂದರೆ ಈ ಊರಿನ ಹೆಸರಾದ ಕುರುಕಲು ತಿಂಡಿ, ಕರಿದು ಅಂಗಡಿಗಳಿಗೆ ಕೊಡುವ ಮುಸಲ್ಮಾನ ಕುಟುಂಬ. ಆ ಮನೆಯ ಅಕ್ಕ ಮೊದಲ ವಾರವೇ ಒಂದು ಡಬ್ಬಿ ಬಿಸಿ ಖಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಣ್ಣಿದು ತಿನ್ನೂದಿಲ್ರಿ, ಡಾಕ್ಟರ್ ಬ್ಯಾಡ ಅಂದಾರ" ಎಂದು ಹೇಳಿ ಕಳಿಸಿಬಿಟ್ಟೆ.

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಡಬ್ಬಿ ತೆಗೆದುಕೊಂಡರೆ ಖಾಲಿ ತಿರುಗಿಸುವಂತಿಲ್ಲ, ಏನಾದರೂ ಹಾಕಿ ಕೊಡಬೇಕು, ಕೊಡಲು ಹೋದರೆ ಕೂತು ಮಾತಾಡಬೇಕು. ಅದು ಬೇಡವಾಗಿತ್ತು. ಅದೇ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಕಾಲು ಕಿಲೋ ಖಾರ ತಂದು ಒಬ್ಬಳೇ ತಿಂದೆ. ಅದನ್ನು ಕರಿದವರೂ ಅವರೇ ಎಂದು ತಿಳಿದದ್ದು ಬಹಳ ತಡವಾಗಿ.

ಮೂರು ವರ್ಷವಾದ ಮೇಲೆ ಒಂದು ಶನಿವಾರ ತವರಿಗೆ ಹೋಗಲಿಲ್ಲ. ಸೋಮವಾರ ಶಿಗ್ಗಾವಿಯಲ್ಲಿ ಶಿಕ್ಷಕರ ಸಭೆ, ಅಲ್ಲಿ ನನ್ನ ಭಾಷಣ. ವಿಷಯ, ಶಾಲೆ ಮತ್ತು ಸಮುದಾಯ. ಭಾನುವಾರ ಬೆಳಿಗ್ಗೆ ಎದ್ದವಳೇ ಗೋಡೆಗಳನ್ನು ಸಭಿಕರೆಂದು ತಿಳಿದು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಹನ್ನೊಂದಕ್ಕೆ ಸ್ನಾನ ಮುಗಿಸಿ, ಸೀರೆ ಉಟ್ಟು ಬಚ್ಚಲಿನ ಚಿಲಕ ಎಳೆದರೆ ಹಿಡಿ ಮಾತ್ರ ಕೈಗೆ ಬಂತು. ಚಿಲಕ ಅಲ್ಲೇ ಉಳಿಯಿತು. ಮೊಬೈಲು ಹೊರಗೆ ಮೇಜಿನ ಮೇಲೆ.

ಎತ್ತರದಲ್ಲಿ ಪಕ್ಕದ ಮನೆಯ ಅಂಗಳಕ್ಕೆ ತೆರೆದ ಸಣ್ಣ ಕಿಟಕಿಯಿತ್ತು. ಆಚೆ ಖಾರ ಕರಿಯುವ ಒಲೆಯ ಭರ್ ಎನ್ನುವ ಸದ್ದು. ಕೂಗಬೇಕು, ಆದರೆ ಯಾರನ್ನು? ಬಾಯಿ ತೆರೆದೆ, ಒಂದು ಹೆಸರೂ ಬರಲಿಲ್ಲ. ಮುರಿದ ಚಿಲಕಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅದೇ. ಕೊನೆಗೆ ತರಗತಿಯ ಕನ್ನಡದಲ್ಲೇ ಕೂಗಿದೆ: "ದಯವಿಟ್ಟು ಯಾರಾದರೂ ಸಹಾಯ ಮಾಡಿ! ನೆರೆಹೊರೆಯವರೇ!"

ಅಂಗಳದಲ್ಲಿ ಎದುರು ಮನೆಯ ಬಡಿಗನ ತಾಯಿ ಹರಟೆಗೆ ಬಂದು ಕೂತಿದ್ದರು. ಖಾರದ ಅಕ್ಕ ಅವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಟೀಚರ್ ಇನ್ನೂ ಭಾಷಣ ಮಾಡಾಕತ್ತಾರ ನೋಡ್ರಿ."

"ಪಾಪ, ಒಬ್ಬಾಕೀನ ಇರ್ತಾಳ. ಮಾತಾಡ್ಲಿ ಬಿಡ" ಎಂದರು ಆ ಅಜ್ಜಿ.

ನಾನು ಜೋರಾಗಿ ಕೂಗಿದಷ್ಟೂ ಅವರ ಕಿವಿಗೆ ಭಾಷಣ ಇನ್ನೂ ಚೆನ್ನಾಯಿತು. ಕಡೆಗೆ ಅಳು ನುಗ್ಗಿ ಬಂದು, ಅವ್ವ ಕಲಿಸಿದ ಮಾತೇ ಬಾಯಿಗೆ ಬಂತು: "ಅಕ್ಕಾ, ಬಚ್ಚಲದಾಗ ಸಿಕ್ಕೊಂಡೇನಿ, ಬರ್ರೀ!"

ಒಲೆಯ ಸದ್ದು ನಿಂತಿತು.

ಬರುವುದೇನೋ ಸರಿ, ಒಳಗೆ ಬರುವುದು ಹೇಗೆ? ಮುಂಬಾಗಿಲಿಗೆ ಎರಡು ಚಿಲಕ, ಹಿತ್ತಲ ಬಾಗಿಲಿಗೆ ಒಳಗಿನಿಂದ ಬೀಗ. ಬಡಿಗ ಹಾರೆ ತಂದು ಹಿತ್ತಲ ಬಾಗಿಲು ಮೀಟತೊಡಗಿದ. ಅಷ್ಟರಲ್ಲಿ ಅಕ್ಕ ಸ್ಟೂಲು ಹತ್ತಿ ಕಿಟಕಿಗೆ ಮುಖವಿಟ್ಟರು.

"ಅಂಜಬ್ಯಾಡ್ರಿ, ನಾ ಇಲ್ಲೇ ಅದೇನಿ. ಕುಡಿಯಾಕ ನೀರು ಬೇಕೇನ್ರಿ?"

"ಬಚ್ಚಲದಾಗ ಅದೇನಿ ಅಕ್ಕಾ, ನೀರಿಗೇನು ಬರ?"

ಅವರು ನಕ್ಕರು. ನನಗೂ ನಗು ಬಂತು. "ಅಲ್ರಿ, ಮೂರು ವರ್ಷ ಆತು, ನಿಮ್ಮ ಹೆಸರೇನ್ರಿ?" ಎಂದರು. ಹೀಗೆ ನಮ್ಮ ಪರಿಚಯವಾಯಿತು. ಆಮೇಲೆ ಕಿಟಕಿಯ ಸರಳಿನ ನಡುವೆ ಕಾಗದದ ಪೊಟ್ಟಣವೊಂದು ಇಳಿಯಿತು. "ಡಾಕ್ಟರ್ ಬ್ಯಾಡ ಅಂದಾರಂತ ಗೊತ್ತೈತಿ. ಒಂದೀಟು ತಿಂದ್ರ ಏನೂ ಆಗೂದಿಲ್ಲ, ತಿನ್ರಿ." ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಪೊಟ್ಟಣ ಖಾಲಿ ಮಾಡಿದೆ.

ಹಿತ್ತಲ ಬಾಗಿಲಿನ ಹಿಂದೆಯೇ ಬಚ್ಚಲಿನ ಬಾಗಿಲೂ ಬಿದ್ದು ಹೊರಗೆ ಬಂದಾಗ ಅರ್ಧ ಓಣಿ ನನ್ನ ಮನೆಯೊಳಗಿತ್ತು. ಒಬ್ಬ ಹಿರಿಯರು ಮೇಜಿನ ಮೇಲಿದ್ದ ನನ್ನ ಭಾಷಣವನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು.

"ಛಲೋ ಬರದೀರಿ ಟೀಚರ್. ನೆರೆಹೊರೆ, ನೆರೆಹೊರೆ ಅಂತ ಭಾಳ ಕಡೆ ಬಂದೈತಿ."

ಅವರು ಕುಹಕವಾಡಲಿಲ್ಲ, ನಿಜವಾಗಿ ಮೆಚ್ಚಿಯೇ ಹೇಳಿದ್ದರು. ನಾನು ಮತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳೋಣವೆಂದರೆ ಬಾಗಿಲೇ ಇರಲಿಲ್ಲ.

ಮರುದಿನ ಶಿಗ್ಗಾವಿಯಲ್ಲಿ ಮೊದಲ 'ನೆರೆಹೊರೆ' ಬರುತ್ತಲೇ ನಗು ಉಕ್ಕಿತು. ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಭಾಷಣಕಾರ್ತಿ ಭಾವುಕಳಾದಳೆಂದು ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯನ್ನು ನಾಚಿಕೆಯಿಲ್ಲದೆ ಸ್ವೀಕರಿಸಿದೆ.

ಆಮೇಲೆ ಎಲ್ಲರೊಂದಿಗೂ ಬೆರೆಯುವವಳಾದೆ ಎಂದರೆ ಸುಳ್ಳಾದೀತು. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಉಸಿರು ಬಿಗಿ ಹಿಡಿಯುತ್ತೇನೆ, ಆಮೇಲೆ ತೆರೆಯುತ್ತೇನೆ. ಆದರೂ ಅಕ್ಕನ ಮನೆಯ ಹರಕೆಯ ಊಟಕ್ಕೆ ಓಣಿಯವರೆಲ್ಲ ಹುಲಗೂರು ದರ್ಗಾಕ್ಕೆ ಹೊರಟಾಗ ನನ್ನನ್ನೂ ಟೆಂಪೋದಲ್ಲಿ ತುರುಕಿದರು. ಅಲ್ಲಿ ಗದ್ದಲದಲ್ಲಿ ನಮ್ಮವರ ಕೈತಪ್ಪಿ ಯಾವುದೋ ಪಂಕ್ತಿಯ ತುದಿಯಲ್ಲಿ ಪೆಚ್ಚಾಗಿ ನಿಂತಿದ್ದೆ. ಬಡಿಸುತ್ತಿದ್ದವನೊಬ್ಬ ಕೇಳಿದ: "ನೀವು ಯಾರ ಪೈಕಿ ರಿ?"

ಇದೇ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬಲ್ಲವಳು ನಾನು. "ಸವಣೂರಿನ ಖಾರದ ಅಕ್ಕನ ಪೈಕಿ ರಿ" ಎಂದೆ.

"ಹಂಗಾರ ಆ ಕಡೆ ಕುಂದರ್ರಿ" ಎಂದು ಅನ್ನದ ಬುಟ್ಟಿ ಎತ್ತಿಕೊಂಡು ಮುಂದೆ ಹೋದ. ನಾನು ಹೋಗಿ ಕೂತು, ಮೂರು ಸಲ ಬಡಿಸಿಕೊಂಡೆ.