ರಾಡಿನ ಮೇಲಿನ ವಿಭೂತಿ

ಮಕ್ಕಳೇ, ಮದುವೆಯಾಗಿ ಬಂದ ಮೇಲೆ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಹಾಜರಿ ಪುಸ್ತಕದಲ್ಲಿ ನನ್ನ ಕೆಲಸ ಹೊಟ್ಟು ಗುಡಿಸುವುದು. ನಿಜವಾಗಿ ಮಾಡಿದ್ದು ಗಿರಣಿಯ ಉಗಿ ಎಂಜಿನ್ನಿಗೆ ಎಣ್ಣೆ ಬಿಡುವುದು. ನಿಮ್ಮ ಅಜ್ಜ ಅದರ ಡ್ರೈವರ್. ಏಳು ಕಡೆ ಎಣ್ಣೆ ಬಿಡಬೇಕು, ಎಲ್ಲಿ ಎಷ್ಟು ಎಂದು ಅವರೇ ಕಲಿಸಿದರು. ಕರೆಂಟಿನ ಮೋಟಾರು ಬಂದಾಗ ಎಂಜಿನ್ ಮೂಲೆ ಸೇರಿತು.

ಅಜ್ಜ ತೀರಿಕೊಂಡ ಮರುವರ್ಷ ಗಿರಣಿ ಕೆಡವಿದರು. ಎಂಜಿನ್ ಗುಜರಿಗೆ ಹೋಗುವುದಿತ್ತು. ಯಾರ ಮುಂದೆಯೂ ಬಾಯಿ ಬಿಡದ ನಾನು ಮಾಲೀಕರ ಮನೆಗೆ ಹೋಗಿ ಅದನ್ನು ಕೇಳಿದೆ.

"ಮನ್ಯಾಗ ಇಟ್ಕೊಂಡು ಏನ್ ಮಾಡ್ತಿಯವ್ವಾ, ಅದರ ಮ್ಯಾಲೆ ದ್ವಾಸಿ ಹುಯ್ತಿಯೇನು?" ಎಂದು ನಕ್ಕರು. ಆದರೂ ಕೊಟ್ಟರು. ಟ್ರ್ಯಾಕ್ಟರಿನಲ್ಲಿ ಚಿತ್ತವಾಡ್ಗಿಯ ನಮ್ಮ ಹಿತ್ತಲಿಗೆ ಬಂತು.

ದೋಣಿಮಲೈ ಗಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ನನ್ನ ತಮ್ಮ ವೀರೇಶ ಪ್ರತಿ ಭಾನುವಾರ ಬರುತ್ತಿದ್ದ. ಬೇರಿಂಗು, ವಾಲ್ವು ಅವನ ಪಾಲು. ತುಕ್ಕು ನನ್ನ ಪಾಲು. ಹಿತ್ತಾಳೆಯ ಎಣ್ಣೆ ಬಟ್ಟಲುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಸಿಲಿಂಡರಿನೊಳಗೆ ಹೋಗಿಬರುವ ಪಿಸ್ಟನ್ ರಾಡನ್ನು ಉಜ್ಜಿ ನಯ ಮಾಡುವುದಕ್ಕೇ ಎಂಟು ತಿಂಗಳು ಹಿಡಿಯಿತು. ಅದರ ಸುತ್ತ ಉಗಿ ಸೋರದಂತೆ ನೂಲಿನ ಪ್ಯಾಕಿಂಗ್ ತುಂಬಬೇಕು. ಆ ನೂಲನ್ನು ಜಡೆಯಂತೆ ಹೆಣೆದು ಎಣ್ಣೆಯಲ್ಲಿ ನೆನೆಸಿ ತುಂಬಿದವಳು ನಾನೇ.

ಎರಡು ವರ್ಷದ ಮೇಲೆ, ಆಯುಧ ಪೂಜೆಯ ದಿನ, ಮೊದಲ ಸಲ ಉಗಿ ಬಿಡುವುದೆಂದಾಯಿತು. ಉಗಿಗೆಂದು ತಂದಿದ್ದ, ಸರ್ಕಾರಿ ತಪಾಸಣೆಯಾದ ಸಣ್ಣ ಬಾಯ್ಲರಿಗೆ ಬೆಳಿಗ್ಗೆಯೇ ಬೆಂಕಿ ಹಾಕಿದ್ದೆ. ಓಣಿಯ ಜನ ಸೇರಿದ್ದರು. ವೀರೇಶನ ಹೆಂಡತಿ ಗಿರಿಜಾ ಪೂಜೆಯ ತಟ್ಟೆ ಹಿಡಿದು ಬಂದಳು.

"ಅಕ್ಕಾ, ನೀ ಸ್ವಲ್ಪ ಆಚಿಗೆ ನಿಂದ್ರು. ಗಿರಿಜಾ ಮುತ್ತೈದಿ, ಪೂಜಿ ಆಕಿ ಮಾಡ್ಲಿ," ಎಂದ ವೀರೇಶ.

ಅಡುಗೆಮನೆ ಬಾಗಿಲಿಗೆ ಸರಿದು ನಿಂತೆ. ಮೈಯೆಲ್ಲ ಉರಿಯಿತು. ಎರಡು ವರ್ಷ ತುಕ್ಕು ಕೆರೆಯುವಾಗ ನನ್ನ ಹಣೆಯಲ್ಲಿ ಬೊಟ್ಟಿದೆಯೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

ಗಿರಿಜಾ ಎಲ್ಲಕ್ಕಿಂತ ಹೊಳೆಯುವ ಜಾಗ ಹುಡುಕಿದಳು. ಪಿಸ್ಟನ್ ರಾಡಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಳು. ವೀರೇಶ ಉಗಿಯ ವಾಲ್ವಿಗೆ ಕೈ ಹಾಕಿದ. ಆ ಪುಡಿ ಪ್ಯಾಕಿಂಗಿನೊಳಗೆ ಹೋದರೆ ರಾಡಿಗೆ ಗೀರು ಬೀಳುತ್ತದೆಂದು ಇಷ್ಟು ವರ್ಷದ ಫಿಟ್ಟರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಜನರ ಮುಂದೆ ಹೇಳಲು ಅಂಜಿದ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಹೋಗಿ ಸೆರಗಿನಿಂದ ಎಲ್ಲ ಒರೆಸಿದೆ.

"ಕುಂಕುಮ ಅಳಸಬಾರ್ದ್ರಿ ಅಕ್ಕಾರ," ಎಂದಳು ಗಿರಿಜಾ.

"ನಂದು ಅಳಸುವಾಗ ಯಾರೂ ಬ್ಯಾಡ ಅನ್ನಲಿಲ್ಲವ್ವಾ. ಇದು ಹಣಿ ಅಲ್ಲ, ರಾಡು," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ವೀರೇಶ ತಲೆ ತಗ್ಗಿಸಿ ವಾಲ್ವಿನಿಂದ ಕೈ ತೆಗೆದ. ನಾನು ಏಳೂ ಕಡೆ ಎಣ್ಣೆ ಬಿಟ್ಟೆ, ದೊಡ್ಡ ಚಕ್ರವನ್ನು ಕೈಯಿಂದ ತುಸು ತಿರುಗಿಸಿ ವಾಲ್ವು ತೆರೆದೆ. ಎಂಜಿನ್ ಒಮ್ಮೆ ಕೆಮ್ಮಿ ನೀರು ಉಗುಳಿತು. ಆಮೇಲೆ ಓಡಿತು.

ಓಡುವ ಯಂತ್ರದ ಹತ್ತಿರ ನಿಲ್ಲುವ ಹಕ್ಕು ಅದನ್ನು ಬಲ್ಲವರಿಗೆ. ಗಿರಣಿ ನನಗೆ ಕಲಿಸಿದ್ದು ಇಷ್ಟೇ. ಈಗ ಪ್ರತಿ ವರ್ಷ ವಿಭೂತಿ, ಕುಂಕುಮ ಚಕ್ರದ ಕಡ್ಡಿಗೆ. ಹಚ್ಚುವವಳು ನಾನೇ. ಮುಂದೆ ನಿಮ್ಮಲ್ಲಿ ಯಾರಾದರೂ ನನಗೆ ಆಚೆ ನಿಲ್ಲು ಎಂದರೆ ಎಣ್ಣೆಯ ಡಬ್ಬಿ ಕೈಗೆ ಕೊಡುತ್ತೇನೆ. ಏಳೂ ಕಡೆ ತೋರಿಸಿರಿ, ಆಚೆ ನಿಲ್ಲುತ್ತೇನೆ.